ಮಾಡಿನ ಮೇಲೆ ಐಸ್ ಡ್ಯಾಮ್, ಮನೆಯೊಳಗೆ ಸೋರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲದಲ್ಲಿ ಮಾಡು ಸೋರುವುದು ನಮ್ಮವರಿಗೆ ಹೊಸದೇನಲ್ಲ. ಆದರೆ ಮಿನೆಸೋಟ, ಮಿಶಿಗನ್, ಬಾಸ್ಟನ್, ಟೊರಾಂಟೊ ಕಡೆ ಮನೆ ಕೊಂಡ ಕನ್ನಡಿಗರು ಮೊದಲ ಒಂದೆರಡು ಚಳಿಗಾಲದಲ್ಲಿ ಕಂಗಾಲಾಗುವುದು ಬೇರೆಯದೇ ಸೋರಿಕೆಗೆ. ಮಳೆಯ ಹನಿಯಿಲ್ಲ, ಹೊರಗೆ ಎಲ್ಲವೂ ಹೆಪ್ಪುಗಟ್ಟಿದೆ, ಆದರೂ ಕಿಟಕಿಯ ಮೇಲಿನ ಸೀಲಿಂಗ್‌ನಿಂದ ನೀರು ತೊಟ್ಟಿಕ್ಕುತ್ತಿದೆ. ಅದರ ಕಾರಣ, ಆ ಹೊತ್ತಿಗೆ ಮಾಡಬೇಕಾದ ಉಪಾಯ, ಮತ್ತೆ ಬಾರದಂತೆ ಮಾಡಿಸಬೇಕಾದ ಕೆಲಸ ಮೂರೂ ಇಲ್ಲಿವೆ.

ಐಸ್ ಡ್ಯಾಮ್ ಎಂದರೇನು? ಅದು ಹೇಗೆ ಕಟ್ಟಿಕೊಳ್ಳುತ್ತದೆ?

ಮಾಡಿನ ಅಂಚಿನಲ್ಲಿ, ಸೂರಿನ ಉದ್ದಕ್ಕೂ ಐಸ್ ದಪ್ಪಗೆ ಬೆಳೆದು ಕಟ್ಟುವ ಒಡ್ಡು ಅದು. ಅದು ಕಟ್ಟಲು ಮೂರು ಸೇರಬೇಕು: ಮಾಡಿನ ಮೇಲೆ ಹಿಮ, ಹೊರಗೆ ಶೂನ್ಯ ಸೆಲ್ಸಿಯಸ್‌ಗಿಂತ (32 ಡಿಗ್ರಿ ಫ್ಯಾರನ್‌ಹೀಟ್) ಕೆಳಗಿನ ಚಳಿ, ಒಳಗಿನಿಂದ ಮಾಡಿಗೆ ತಗಲುವ ಶಾಖ.

ಹೊರಗೆ 15 ಡಿಗ್ರಿ ಫ್ಯಾರನ್‌ಹೀಟ್ ಇದೆ, ಮನೆಯಿಂದ ಬಿಸಿಗಾಳಿ ಸೋರಿ ಅಟ್ಟ 40 ಡಿಗ್ರಿಗೆ ಏರಿದೆ ಎಂದುಕೊಳ್ಳಿ. ಅಟ್ಟದ ಮೇಲಿನ ಮಾಡಿನ ಹಲಗೆ ಬೆಚ್ಚಗಾಗಿ, ಅದಕ್ಕೆ ಅಂಟಿದ ಹಿಮ ಅಡಿಯಿಂದ ಕರಗುತ್ತದೆ. ಆ ನೀರು ಹಿಮದ ಕೆಳಗೇ ಹರಿದು ಸೂರಿನವರೆಗೆ ಬರುತ್ತದೆ. ಸೂರು ಗೋಡೆಯಿಂದ ಆಚೆಗೆ ಚಾಚಿಕೊಂಡಿರುವುದರಿಂದ ಅದರ ಕೆಳಗೆ ಮನೆಯಿಲ್ಲ, ಶಾಖವೂ ಇಲ್ಲ. ನೀರು ಅಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ದಿನದಿನಕ್ಕೆ ಒಡ್ಡು ಎತ್ತರವಾಗಿ, ಅದರ ಹಿಂದೆ ಕೆರೆಯಂತೆ ನೀರು ನಿಲ್ಲುತ್ತದೆ.

ಬಿದ್ದ ಹಿಮವೇ ಇದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ಹಗುರವಾದ ಹೊಸ ಹಿಮಕ್ಕೆ ಇಂಚಿಗೆ ಸುಮಾರು ಆರ್-1ರಷ್ಟು ಶಾಖ ತಡೆಯುವ ಗುಣವಿದೆ (ಆರ್ ಎಂದರೆ ಶಾಖ ತಡೆಯುವ ಅಳತೆ; ಅಂಕಿ ಹೆಚ್ಚಿದಷ್ಟೂ ತಡೆ ಹೆಚ್ಚು). ಒಂದಡಿ ಹಿಮ ಹೊದ್ದ ಮಾಡು ಕಂಬಳಿ ಹೊದ್ದಂತೆ. ಹೊರಗಿನ ಚಳಿ ಹಲಗೆಗೆ ತಟ್ಟುವುದಿಲ್ಲ. ಎರಡಿಂಚು ಹಿಮಕ್ಕೆ ಏನೂ ಆಗದ ಮನೆ 15 ಇಂಚು ಹಿಮಕ್ಕೆ ಸೋರುವುದು ಇದರಿಂದಲೇ. 2014-15ರ ಚಳಿಗಾಲದಲ್ಲಿ ಬಾಸ್ಟನ್‌ನಲ್ಲಿ 110 ಇಂಚಿಗೂ ಮಿಕ್ಕಿ ಹಿಮ ಬಿದ್ದಾಗ, ಅಲ್ಲಿಯವರೆಗೆ ತೊಂದರೆ ಕಾಣದಿದ್ದ ಎಷ್ಟೋ ಮನೆಗಳು ಸೋರಿದವು.

ಅಮೆರಿಕ ಸೇನೆಯ ಶೀತಪ್ರದೇಶ ಸಂಶೋಧನಾ ಪ್ರಯೋಗಾಲಯ ನ್ಯೂ ಹ್ಯಾಂಪ್‌ಶೈರ್‌ನ ಹ್ಯಾನೋವರ್‌ನಲ್ಲಿದೆ. ಅಲ್ಲಿಯವರು ಕಟ್ಟಡಗಳ ಅಟ್ಟಗಳನ್ನು ಅಳೆದು ಕೊಟ್ಟ ಲೆಕ್ಕ ನೆನಪಿಟ್ಟುಕೊಳ್ಳಲು ಸುಲಭ: ಹೊರಗೆ 22 ಡಿಗ್ರಿ ಫ್ಯಾರನ್‌ಹೀಟ್ ಇರುವಾಗ ಅಟ್ಟ 30 ಡಿಗ್ರಿ ದಾಟದಿದ್ದರೆ ತೊಂದರೆ ಕೊಡುವಷ್ಟು ಐಸ್ ಬೆಳೆಯುವುದಿಲ್ಲ. ಸೆಲ್ಸಿಯಸ್‌ನಲ್ಲಿ ಹೇಳುವುದಾದರೆ ಹೊರಗೆ ಮೈನಸ್ 5.5, ಅಟ್ಟದಲ್ಲಿ ಮೈನಸ್ 1. ಚಳಿಗಾಲದಲ್ಲಿ ಅಟ್ಟ ತಣ್ಣಗೇ ಇರಬೇಕು. ಮುಂದಿನ ಉತ್ತರಗಳೆಲ್ಲ ಈ ಮಾತಿಗೇ ಬಂದು ಸೇರುತ್ತವೆ.

ಶಿಂಗಲ್ ಹಾಕಿಸಿ ಮೂರು ವರ್ಷ ಆಗಿಲ್ಲ. ಆದರೂ ನೀರು ಒಳಗೆ ಬಂದದ್ದು ಹೇಗೆ?

ಶಿಂಗಲ್ ಎಂದರೆ ಮಾಡಿನ ಮೇಲೆ ಸಾಲುಸಾಲಾಗಿ ಹೊಡೆಯುವ ಡಾಂಬರಿನ ಹಾಳೆ. ಅದು ಹರಿಯುವ ನೀರಿಗೆ ಮಾಡಿದ್ದು, ನಿಂತ ನೀರಿಗಲ್ಲ. ಮಂಗಳೂರು ಹಂಚಿನ ಹಾಗೆಯೇ: ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಕೂತಿರುತ್ತದೆ, ನೀರು ಇಳಿಜಾರಿನಲ್ಲಿ ಜಾರಿ ಹೋಗುತ್ತದೆ. ಹಂಚಿನ ಮಾಡಿನಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಒತ್ತಿಕೊಂಡು ಬಂದರೆ ಸಂದಿಯಲ್ಲಿ ಇಳಿಯದೆ ಇದ್ದೀತೇ? ಒಡ್ಡಿನ ಹಿಂದೆ ನಿಂತ ನೀರು ಶಿಂಗಲ್‌ನ ಅಡಿಗೆ ನುಗ್ಗಿ, ಮೊಳೆಯ ತೂತಿನಿಂದ, ಹಲಗೆಯ ಕೂಡುಗಳಿಂದ ಒಳಗಿಳಿಯುತ್ತದೆ. ತಪ್ಪು ಶಿಂಗಲ್‌ನದಲ್ಲ. ಮತ್ತೆ ಹೊಸ ಶಿಂಗಲ್ ಹಾಕಿಸಿದರೂ ಮುಂದಿನ ವರ್ಷ ಇದೇ ಕಥೆ.

ಈಗಲೇ ಸೋರುತ್ತಿದೆ. ಮೊದಲು ಏನು ಮಾಡಬೇಕು?

ನೀರು ಲೈಟ್ ಫಿಟಿಂಗ್ ಹತ್ತಿರ ಬರುತ್ತಿದ್ದರೆ ಆ ಸರ್ಕ್ಯೂಟ್‌ನ ಬ್ರೇಕರ್ ಆಫ್ ಮಾಡಿ. ಇದು ಮೊದಲ ಕೆಲಸ.

ಸೀಲಿಂಗ್‌ನ ಬಣ್ಣ ನೀರು ತುಂಬಿ ಹೊಟ್ಟೆ ಬಿಟ್ಟಿದ್ದರೆ ಕೆಳಗೆ ಬಕೆಟ್ ಇಟ್ಟು, ಉಬ್ಬಿನ ತೀರಾ ಕೆಳಗಿನ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಒಂದು ಸಣ್ಣ ತೂತು ಮಾಡಿ. ಮನಸ್ಸು ಒಪ್ಪುವುದಿಲ್ಲ, ನಿಜ. ಆದರೆ ನೀರನ್ನು ಇಳಿಸದಿದ್ದರೆ ಅದು ಅಗಲಕ್ಕೆ ಹರಡಿ, ನೆನೆದ ಡ್ರೈವಾಲ್ (ಜಿಪ್ಸಮ್) ಹಲಗೆಯೇ ಕಳಚಿ ಬೀಳುತ್ತದೆ. ತೂತಿಗೆ ಪ್ಯಾಚ್ ಹಾಕುವುದು ಅರ್ಧ ದಿನದ ಕೆಲಸ; ಸೀಲಿಂಗ್ ಬದಲಿಸುವುದು ಹಾಗಲ್ಲ. ಕೆಲಸ ಶುರು ಮಾಡುವ ಮೊದಲು, ನಡುವೆ, ಆಮೇಲೆ ಫೋಟೊ ತೆಗೆದಿಡಿ, ವಿಮೆಗೆ ಬೇಕಾಗುತ್ತದೆ.

ಅಟ್ಟಕ್ಕೆ ಹತ್ತುವ ದಾರಿಯಿದ್ದರೆ ಸೋರುವ ಜಾಗಕ್ಕೆ ಹೋಗಿ. ಕಾಲಿಡುವುದು ಜಾಯಿಸ್ಟ್‌ಗಳ (ಅಟ್ಟದ ನೆಲದ ತೊಲೆಗಳ) ಮೇಲೆ ಮಾತ್ರ, ನಡುವೆ ಇಟ್ಟರೆ ಕಾಲು ಕೆಳಗಿನ ಕೋಣೆಯ ಸೀಲಿಂಗ್ ತೂರಿ ಹೋಗುತ್ತದೆ. ಒಂದು ಬಾಕ್ಸ್ ಫ್ಯಾನ್ ಇಟ್ಟು, ಸೋರುವ ಹಲಗೆಯ ಅಡಿಭಾಗಕ್ಕೆ ಚಳಿಗಾಳಿ ಬಡಿಯುವಂತೆ ತಿರುಗಿಸಿ. ಆ ಗಾಳಿ ನೀರು ಹೆಪ್ಪುಗಟ್ಟುವಷ್ಟು ತಣ್ಣಗಿದ್ದರೆ ಸೋರುವ ನೀರು ಅಲ್ಲೇ ಹೆಪ್ಪುಗಟ್ಟಿ ತಾತ್ಕಾಲಿಕವಾಗಿ ನಿಲ್ಲುತ್ತದೆ. ಅಟ್ಟವೇ ಬೆಚ್ಚಗಿದ್ದರೆ ಇದರಿಂದ ಪ್ರಯೋಜನವಿಲ್ಲ.

ಸೋರಿಕೆ ನಿಂತ ಮೇಲೆ ನೆನೆದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸಬೇಕು. ತಡವಾದರೆ ಬೂಷ್ಟು ಹಿಡಿಯುತ್ತದೆ. ಅಟ್ಟದ ಇನ್ಸುಲೇಷನ್ (ಶಾಖ ತಡೆಯುವ ಹೊದಿಕೆ) ಕಾಗದದ ಚೂರಿನ ಸೆಲ್ಯುಲೋಸ್ ಆಗಿದ್ದರೆ, ನೆನೆದು ಕುಗ್ಗಿದ್ದು ಮತ್ತೆ ಉಬ್ಬುವುದಿಲ್ಲ. ಆ ಭಾಗವನ್ನು ತೆಗೆದು, ಹಲಗೆ ಪೂರ್ತಿ ಒಣಗಿದ ಮೇಲೆ ಹೊಸದು ತುಂಬಿಸಿ.

ಐಸ್ ಕರಗಿಸಲು ಉಪ್ಪು ಹಾಕಬಹುದೇ?

ಕಲ್ಲುಪ್ಪು ಬೇಡ. ಚಳಿ 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿದರೆ ಅದು ಹೆಚ್ಚುಕಡಿಮೆ ಕೆಲಸ ಮಾಡುವುದಿಲ್ಲ. ಗಟರ್ (ಸೂರಿನಂಚಿನ ನೀರಿನ ದೋಣಿ), ಮೊಳೆ, ಫ್ಲಾಷಿಂಗ್ (ಮಾಡಿನ ಕೂಡುಗಳಿಗೆ ಹೊದಿಸಿದ ತಗಡು) ತುಕ್ಕು ಹಿಡಿಯುತ್ತವೆ, ಕೆಳಗಿನ ಗಿಡವೂ ಸಾಯುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಶೂನ್ಯ ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೂ ಐಸ್ ಕರಗಿಸುತ್ತದೆ. ಅದೂ ಗಿಡಕ್ಕೆ ಒಳ್ಳೆಯದಲ್ಲ, ಆದರೆ ತುರ್ತಿಗೆ ಅದೇ ಗತಿ.

ಬರಿದೇ ಎರಚಿದರೆ ಜಾರಿ ಹೋಗುತ್ತದೆ. ಹಳೆಯ ನೈಲಾನ್ ಸ್ಟಾಕಿಂಗ್ ಒಂದಕ್ಕೆ ಮೊಣಕಾಲುದ್ದ ಹರಳು ತುಂಬಿ ಬಾಯಿ ಕಟ್ಟಿ. ಅದನ್ನು ಸೂರಿನ ಉದ್ದಕ್ಕೆ ಮಲಗಿಸಬೇಡಿ. ಒಂದು ತುದಿ ಗಟರ್‌ನಿಂದ ಸ್ವಲ್ಪ ಆಚೆಗೆ ಇಣುಕುವಂತೆ, ಇನ್ನೊಂದು ತುದಿ ಒಡ್ಡನ್ನು ದಾಟಿ ಹಿಂದೆ ನಿಂತ ನೀರನ್ನು ಮುಟ್ಟುವಂತೆ, ಇಳಿಜಾರಿನ ಗುಂಟ ಇಡಿ. ಕೆಲವು ಗಂಟೆಗಳಲ್ಲಿ ಹರಳು ಐಸನ್ನು ಕೊರೆಯುತ್ತಾ ಇಳಿದು ಬೆರಳಗಲದ ಕಾಲುವೆ ಮಾಡುತ್ತದೆ, ನಿಂತ ನೀರು ಅದರಲ್ಲಿ ಹರಿದುಹೋಗುತ್ತದೆ. ಇಡೀ ಒಡ್ಡು ಕರಗಬೇಕಿಲ್ಲ. ಸೋರುವ ಜಾಗದ ನೇರಕ್ಕೆ ಎರಡು ಮೂರು ಕಾಲುವೆ ಆದರೆ ಸಾಕು.

ಕೊಡಲಿ, ಸುತ್ತಿಗೆ, ಬಿಸಿನೀರು, ಬ್ಲೋಟಾರ್ಚ್?

ಯಾವುದೂ ಬೇಡ. ಚಳಿಗೆ ಶಿಂಗಲ್ ಗಾಜಿನಷ್ಟು ಪೆಡಸಾಗಿರುತ್ತದೆ. ಐಸ್‌ಗೆ ಹಾಕಿದ ಏಟು ಅದಕ್ಕೂ ಬೀಳುತ್ತದೆ. ಸುರಿದ ಬಿಸಿನೀರು ಕಾಲಡಿಗೇ ಹೆಪ್ಪುಗಟ್ಟುತ್ತದೆ. ಬೆಂಕಿಯಿಂದ ಮನೆಯೇ ಹತ್ತಿಕೊಂಡ ಉದಾಹರಣೆಗಳಿವೆ.

ಸುರಕ್ಷಿತ ದಾರಿ ಕಡಿಮೆ ಒತ್ತಡದ ಹಬೆ. ಅದಕ್ಕೆಂದೇ ಯಂತ್ರ ಇಟ್ಟುಕೊಂಡವರು ಬಂದು ಐಸನ್ನು ಹಬೆಯಿಂದ ಕತ್ತರಿಸಿ ಹೋಳುಹೋಳಾಗಿ ಇಳಿಸುತ್ತಾರೆ. ಗಂಟೆಗೆ ಕೆಲವು ನೂರು ಡಾಲರ್ ಆಗುತ್ತದೆ, ಹಿಮಪಾತದ ವಾರದಲ್ಲಿ ಸಿಗುವುದೂ ಕಷ್ಟ. ಕರೆಯುವ ಮೊದಲು ಒಂದು ಮಾತು ಕೇಳಿ: ನಿಮ್ಮದು ಹಬೆಯ ಯಂತ್ರವೋ, ಬಿಸಿನೀರಿನ ಪ್ರೆಶರ್ ವಾಷರೋ? ಪ್ರೆಶರ್ ವಾಷರ್ ಶಿಂಗಲ್ ಮೇಲಿನ ಹರಳುಗಳನ್ನೆಲ್ಲ ಕಿತ್ತುಹಾಕುತ್ತದೆ. ಕೆಲಸದವರ ವಿಮಾ ಪತ್ರವನ್ನೂ ಕೇಳಿ ನೋಡಿ.

ರೂಫ್ ರೇಕ್ ಬಳಸುವ ಸರಿಯಾದ ಕ್ರಮ ಯಾವುದು?

ರೂಫ್ ರೇಕ್ ಎಂದರೆ ಮಾಡಿನ ಹಿಮ ಎಳೆಯುವ ಉದ್ದ ಕೋಲಿನ ಸಲಿಕೆ. ನೆಲದ ಮೇಲೆ ನಿಂತೇ ಎಳೆಯಿರಿ. ಐಸ್ ಮೇಲೆ ಏಣಿ ನಿಲ್ಲಿಸಬೇಡಿ. ಹಿಮ ಬೀಳುವುದು ನಿಂತ ಕೂಡಲೇ, ಅದು ಕರಗಿ ಗಟ್ಟಿಯಾಗುವ ಮೊದಲು ಎಳೆದರೆ ಅರ್ಧ ಶ್ರಮ. ಅಂಚಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಿ, ಯಾವಾಗಲೂ ಇಳಿಜಾರಿನ ಗುಂಟ ಕೆಳಕ್ಕೇ ಎಳೆಯಬೇಕು. ಅಡ್ಡಕ್ಕೆ ಎಳೆದರೆ ಶಿಂಗಲ್‌ನ ಅಂಚು ಏಳುತ್ತದೆ. ತೀರಾ ಬುಡದವರೆಗೆ ಕೆರೆಯದೆ ಒಂದೆರಡು ಇಂಚು ಹಿಮ ಬಿಡಿ. ಚಕ್ರ ಇರುವ ರೇಕ್ ಕೊಂಡರೆ ಈ ಅಂತರ ತಾನಾಗಿ ಉಳಿಯುತ್ತದೆ.

ಅಂಚಿನ ಮೂರು ನಾಲ್ಕು ಅಡಿ ತೆಗೆದರೆ ಸಾಕು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಟ್ಟ ಬಹಳ ಬೆಚ್ಚಗಿರುವ ಮನೆಯಲ್ಲಿ ಇದರಿಂದ ಇನ್ನೊಂದು ಪೀಕಲಾಟ: ತೆಗೆದ ಜಾಗ ಮತ್ತು ಉಳಿದ ಹಿಮ ಕೂಡುವಲ್ಲಿ, ಮೇಲ್ಗಡೆ, ಎರಡನೇ ಒಡ್ಡು ಕಟ್ಟುತ್ತದೆ. ಆದ್ದರಿಂದ ಕೋಲು ಎಷ್ಟು ಎತ್ತರ ಮುಟ್ಟುತ್ತದೋ ಅಷ್ಟೂ ತೆಗೆಯಿರಿ.

ಅಲ್ಯುಮಿನಿಯಂ ಕೋಲು ವಿದ್ಯುತ್ ತಂತಿಯ ಹತ್ತಿರ ಸುಳಿಯಕೂಡದು. ಇಳಿದ ಹಿಮ ಎಲ್ಲಿ ಬೀಳುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಮನೆ ಬೆಚ್ಚಗಿಡುವ ಈಗಿನ ಫರ್ನೇಸ್‌ಗಳ ಹೊಗೆ ಪಕ್ಕದ ಗೋಡೆಯ ಬಿಳಿ ಪಿವಿಸಿ ಕೊಳವೆಯಿಂದ ಹೊರಹೋಗುತ್ತದೆ. ಆ ಕೊಳವೆ ಹಿಮದಲ್ಲಿ ಹೂತರೆ ಫರ್ನೇಸ್ ನಿಲ್ಲುತ್ತದೆ, ಇಲ್ಲವೇ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬುತ್ತದೆ. ರೇಕ್ ಮಾಡಿದ ದಿನ ಆ ಕೊಳವೆ, ಗ್ಯಾಸ್ ಮೀಟರ್ ಎರಡರ ಸುತ್ತಲೂ ಹಿಮ ಬಿಡಿಸಿದ ಮೇಲೆಯೇ ಒಳಗೆ ಬನ್ನಿ.

ಗಟರ್ ತೆಗೆದುಬಿಟ್ಟರೆ ಐಸ್ ಡ್ಯಾಮ್ ಆಗುವುದಿಲ್ಲವಂತೆ, ಹೌದೇ?

ಇಲ್ಲ. ಗಟರ್ ಇಲ್ಲದ ಮಾಡಿನಲ್ಲೂ ಒಡ್ಡು ಕಟ್ಟುತ್ತದೆ. ಎಲೆ ತೆಗೆದು ಶುಚಿಯಾಗಿಟ್ಟರೂ ತಪ್ಪುವುದಿಲ್ಲ, ಆದರೆ ಭಾರ ಕಡಿಮೆಯಾಗುತ್ತದೆ. ಸಾಮಾನ್ಯ 5 ಇಂಚಿನ ಗಟರ್‌ನಲ್ಲಿ ಅಡಿಗೆ ಸುಮಾರು 10 ಪೌಂಡ್ ನೀರು ಹಿಡಿಯುತ್ತದೆ. 40 ಅಡಿ ಉದ್ದದ್ದು ತುಂಬಿ ಹೆಪ್ಪುಗಟ್ಟಿದರೆ 400 ಪೌಂಡ್. ಮೊಳೆ ಕಿತ್ತು ಬರುವುದು ಈ ಭಾರಕ್ಕೆ.

ಸೀಲಿಂಗ್‌ನಲ್ಲಿ ಕಲೆ ಬಂದಿದೆ. ಐಸ್ ಡ್ಯಾಮೋ, ಅಟ್ಟದ ಬೆವರೋ?

ಎರಡೂ ಬಿಸಿಗಾಳಿ ಸೋರುವುದರಿಂದಲೇ ಹುಟ್ಟುತ್ತವೆ, ಆದರೆ ಗುರುತು ಬೇರೆ. ಐಸ್ ಡ್ಯಾಮ್‌ನ ನೀರು ಹೊರಗೋಡೆಯ ಸಾಲಿಗೆ, ಕಿಟಕಿಯ ತಲೆಭಾಗಕ್ಕೆ, ಎರಡು ಮಾಡು ಕೂಡುವ ಕಣಿವೆಯ ಕೆಳಕ್ಕೆ ಇಳಿಯುತ್ತದೆ. ಮಾಡಿನ ಮೇಲೆ ಹಿಮ ಇರುವಾಗ ಮಾತ್ರ ಸೋರುತ್ತದೆ.

ಬೆವರಿನದ್ದು ಹಾಗಲ್ಲ. ಕೊರೆಯುವ ಚಳಿಯ ದಿನ ಟಾರ್ಚ್ ಹಿಡಿದು ಅಟ್ಟ ನೋಡಿ. ಹಲಗೆಯಿಂದ ಒಳಕ್ಕೆ ಚಾಚಿದ ಪ್ರತಿ ಮೊಳೆಯ ತುದಿಗೂ ಬಿಳಿಯ ಸಕ್ಕರೆ ಗುಂಡಿನಂತೆ ಹಿಮದ ಹರಳು ಅಂಟಿರುತ್ತದೆ. ನಾಲ್ಕು ದಿನ ಬಿಟ್ಟು ಹವೆ ಬೆಚ್ಚಗಾದಾಗ ಎಲ್ಲವೂ ಒಟ್ಟಿಗೆ ಕರಗಿ, ಕೋಣೆಯ ನಟ್ಟನಡುವೆ ಅಲ್ಲಲ್ಲಿ ಚುಕ್ಕೆಚುಕ್ಕೆಯಾಗಿ ಕಲೆ ಮೂಡುತ್ತದೆ. ಮಾಡು ಸೋರುತ್ತಿದೆ ಎಂದುಕೊಂಡು ಸಾವಿರಾರು ಡಾಲರ್ ಸುರಿದು ಶಿಂಗಲ್ ಬದಲಿಸುವವರು ಎಡವುವುದು ಇಲ್ಲಿಯೇ.

ನಮ್ಮ ಅಡುಗೆಗೂ ಇದಕ್ಕೂ ಸಂಬಂಧ ಇದೆಯೇ?

ಇದೆ. ಕುಕ್ಕರ್, ಇಡ್ಲಿ ಪಾತ್ರೆ, ಕುದಿಯುವ ಸಾರು ಎಲ್ಲ ಸೇರಿ ದಿನಕ್ಕೆ ಸಾಕಷ್ಟು ಹಬೆ ಗಾಳಿಗೆ ಸೇರುತ್ತದೆ. ಇಲ್ಲಿನ ಎಷ್ಟೋ ಅಡುಗೆಮನೆಗಳಲ್ಲಿ ಒಲೆಯ ಮೇಲಿನ ಹುಡ್ ಗಾಳಿಯನ್ನು ಜಾಲರಿಯಲ್ಲಿ ಸೋಸಿ ಮತ್ತೆ ಕೋಣೆಗೇ ಬಿಡುತ್ತದೆ. ಒಗ್ಗರಣೆಯ ಹೊಗೆ, ಹಬೆ ಎರಡೂ ಅಲ್ಲೇ ಉಳಿಯುತ್ತವೆ. ಹೊರಗೋಡೆಗೆ ಲೋಹದ ಕೊಳವೆ ಜೋಡಿಸಿದ ಹುಡ್ ಹಾಕಿಸಿ.

ಬಚ್ಚಲಿನ ಫ್ಯಾನ್ ಇದಕ್ಕಿಂತ ಮುಖ್ಯ. ಅದರ ಕೊಳವೆ ಅಟ್ಟದಲ್ಲೇ ಬಾಯಿ ಬಿಟ್ಟುಕೊಂಡು ಬಿದ್ದಿರುವ ಮನೆಗಳಿವೆ, ಸಾಫಿಟ್‌ಗೆ (ಸೂರಿನ ಅಡಿಯ ಹಲಗೆಗೆ) ಸಿಕ್ಕಿಸಿದ ಮನೆಗಳೂ ಇವೆ. ಸಾಫಿಟ್‌ನಿಂದ ಹೊರಬಿದ್ದ ಹಬೆಯನ್ನು ಪಕ್ಕದ ಕಿಂಡಿಯೇ ಮತ್ತೆ ಅಟ್ಟಕ್ಕೆ ಎಳೆದುಕೊಳ್ಳುತ್ತದೆ. ಇನ್ಸುಲೇಷನ್ ಸುತ್ತಿದ ಕೊಳವೆಯಲ್ಲಿ ಅದನ್ನು ಮಾಡಿನ ಮೇಲಕ್ಕೆ ಅಥವಾ ಗೋಡೆಯಾಚೆಗೆ ತಲುಪಿಸಬೇಕು. ಚಳಿಗಾಲದಲ್ಲಿ ಮನೆಯೊಳಗಿನ ತೇವಾಂಶ ಶೇ. 30ರಿಂದ 40ರೊಳಗಿರಲಿ. ಕಿಟಕಿಯ ಗಾಜಿನಲ್ಲಿ ನೀರಿಳಿಯುತ್ತಿದ್ದರೆ ಹ್ಯೂಮಿಡಿಫೈಯರ್ ತಗ್ಗಿಸಿ.

ಶಾಶ್ವತ ಪರಿಹಾರ ಎಲ್ಲಿಂದ ಶುರುವಾಗಬೇಕು?

ಅಟ್ಟದ ನೆಲದಲ್ಲಿರುವ ತೂತುಗಳನ್ನು ಮುಚ್ಚುವುದರಿಂದ. ಇನ್ಸುಲೇಷನ್ ಎರಡನೆಯದು, ಗಾಳಿ ಕಿಂಡಿ ಮೂರನೆಯದು. ಈ ಕ್ರಮ ತಪ್ಪಿಸಬೇಡಿ ಎಂದು ಒತ್ತಿ ಹೇಳುತ್ತೇವೆ. ತೂತು ಮುಚ್ಚದೆ ಮೇಲೆ ಇನ್ಸುಲೇಷನ್ ಸುರಿದರೆ ಬಿಸಿಗಾಳಿ ಅದರೊಳಗಿಂದಲೇ ನುಸುಳಿ ಹೋಗುತ್ತದೆ. ಸಾಲದ್ದಕ್ಕೆ ಅಟ್ಟ ಇನ್ನಷ್ಟು ತಣ್ಣಗಾಗಿ ಹಬೆ ಮೊಳೆಗಳ ಮೇಲೆ ಹೆಪ್ಪುಗಟ್ಟುವುದು ಹೆಚ್ಚುತ್ತದೆ. ಕಣ್ಣಿಗೆ ಕಾಣುವ ಕೆಲಸ ಇನ್ಸುಲೇಷನ್ ಆದ್ದರಿಂದ ಅನೇಕ ಕೆಲಸದವರು ಅದನ್ನಷ್ಟೇ ಮಾಡಿ ಹೋಗುತ್ತಾರೆ.

ತೂತು ಹುಡುಕುವ ಬಗೆ ಹೀಗೆ. ಗುಲಾಬಿ ಅಥವಾ ಹಳದಿ ಫೈಬರ್‌ಗ್ಲಾಸ್ ಹಾಸಿದ ಅಟ್ಟದಲ್ಲಿ ಒಂದೊಂದೇ ಹಾಸನ್ನು ಎತ್ತಿ ಅದರ ಅಡಿಭಾಗ ನೋಡಿ. ಎಲ್ಲೋ ಒಂದೆಡೆ ಬೂದಿ ಮೆತ್ತಿದಂತೆ ಕಪ್ಪಗಾಗಿರುತ್ತದೆ. ಅದು ಬೂಷ್ಟಲ್ಲ, ಧೂಳು. ವರ್ಷಗಟ್ಟಲೆ ಕೆಳಗಿನಿಂದ ಏರಿದ ಗಾಳಿ ಅಲ್ಲಿ ಸೋಸಿಕೊಂಡು ಹೋಗಿ ಧೂಳು ಉಳಿದಿದೆ. ಅದರ ನೇರ ಕೆಳಗೆ ವೈರ್ ಇಳಿದ ತೂತೋ, ಗೋಡೆಯ ತಲೆಯ ಬಿರುಕೋ ಖಂಡಿತ ಸಿಗುತ್ತದೆ.

ಸಾಮಾನ್ಯವಾಗಿ ಸಿಗುವ ಜಾಗಗಳು ಮತ್ತು ಮುಚ್ಚುವ ವಸ್ತು:

- ವೈರ್, ನೀರಿನ ಕೊಳವೆ ಹೋದ ತೂತು, ಒಳಗೋಡೆಗಳ ತಲೆಯ ಸಂದಿ: ಡಬ್ಬಿಯಲ್ಲಿ ಬರುವ ಸ್ಪ್ರೇ ಫೋಮ್, ಕಾಲಿಂಚಿಗಿಂತ ಸಣ್ಣ ಬಿರುಕಿಗೆ ಕಾಕ್ (ಸಂದಿ ತುಂಬುವ ಅಂಟು).
- ಚಿಮಣಿ ಮತ್ತು ಫ್ಲೂ (ಹೊಗೆ) ಕೊಳವೆಯ ಸುತ್ತ: ಇಲ್ಲಿ ಫೋಮ್ ಸಲ್ಲದು. ತಗಡು ಕತ್ತರಿಸಿ ಕೂರಿಸಿ, ಹೆಚ್ಚು ಶಾಖ ತಡೆಯುವ ಕಾಕ್‌ನಿಂದ ಅಂಚು ಮುಚ್ಚಬೇಕು. ಇಟ್ಟಿಗೆ ಚಿಮಣಿಯಿಂದ ಮರಕ್ಕೆ 2 ಇಂಚು, ಬಿ-ವೆಂಟ್ ಎಂಬ ಎರಡು ಪದರದ ಲೋಹದ ಹೊಗೆ ಕೊಳವೆಯಿಂದ 1 ಇಂಚು ಅಂತರ ಇರಲೇಬೇಕು.
- ಸೀಲಿಂಗ್‌ನೊಳಗೆ ಹುದುಗಿದ ಲೈಟುಗಳು: ಇನ್ಸುಲೇಷನ್ ತಾಗಬಹುದು ಎಂಬ ಐಸಿ ಗುರುತು ಇಲ್ಲದವಕ್ಕೆ 3 ಇಂಚು ಜಾಗ ಬಿಡಬೇಕು. ಗಾಳಿ ಬಿಡದ ಎಲ್‌ಇಡಿ ಫಿಟಿಂಗ್‌ಗೆ ಬದಲಿಸುವುದೇ ಮೇಲು.
- ಬಚ್ಚಲಿನ ತೊಟ್ಟಿ, ಅಡುಗೆಮನೆ ಕಪಾಟಿನ ಮೇಲೆ ತಗ್ಗಿಸಿದ ಸೀಲಿಂಗ್: ಅಟ್ಟದಿಂದ ನೋಡಿದರೆ ಬಾವಿಯಂತೆ ತೆರೆದಿರುತ್ತದೆ. ಫೋಮ್ ಹಲಗೆ ಅಥವಾ ಡ್ರೈವಾಲ್ ತುಂಡು ಮುಚ್ಚಿ ಅಂಚಿಗೆ ಫೋಮ್ ಹೊಡೆಯಿರಿ.
- ಅಟ್ಟದ ಬಾಗಿಲು: ಸುತ್ತ ವೆದರ್‌ಸ್ಟ್ರಿಪ್ (ಸಂದಿ ಮುಚ್ಚುವ ಪಟ್ಟಿ), ಬೆನ್ನಿಗೆ ಫೋಮ್ ಹಲಗೆ, ಬಿಗಿಯಾಗಿ ಎಳೆದು ಕೂರಿಸುವ ಕೊಂಡಿ.

ಅಟ್ಟದಲ್ಲಿ ಬಿಸಿಗಾಳಿ ಸಾಗಿಸುವ ಹೀಟಿಂಗ್ ಡಕ್ಟ್ ಇದ್ದರೆ ಅದರ ಕೂಡುಗಳಿಗೆ ಮಾಸ್ಟಿಕ್ ಅಂಟು ಬಳಿದು ಇನ್ಸುಲೇಷನ್ ಹೊದಿಸಬೇಕು. ಬಿಸಿಗಾಳಿ ಸೋರುವ ಡಕ್ಟ್ ಒಂದಿದ್ದರೂ ಉಳಿದ ಶ್ರಮವೆಲ್ಲ ನೀರುಪಾಲು.

ಹಳೆಯ ಮನೆಯ ಅಟ್ಟದಲ್ಲಿ ಅಭ್ರಕದಂತೆ ಹೊಳೆಯುವ, ಕಂದು ಬಣ್ಣದ, ಸಣ್ಣ ಜಲ್ಲಿಯಂಥ ಹರಳು ಕಂಡರೆ ಮುಟ್ಟಬೇಡಿ. ಅದು ವರ್ಮಿಕ್ಯುಲೈಟ್. ಮೊಂಟಾನದ ಲಿಬ್ಬಿ ಗಣಿಯಿಂದ 1990ರವರೆಗೆ ಬಂದದ್ದರಲ್ಲಿ ಆಸ್‌ಬೆಸ್ಟಾಸ್ ಬೆರೆತಿತ್ತು. ಆಸ್‌ಬೆಸ್ಟಾಸ್ ಪರವಾನಗಿ ಇರುವವರನ್ನೇ ಕರೆಯಿರಿ.

ಎಲ್ಲ ಮುಚ್ಚಿದ ಮೇಲೆ ಬ್ಲೋವರ್ ಡೋರ್ ಪರೀಕ್ಷೆ ಮಾಡಿಸಿ. ಬಾಗಿಲಿಗೆ ಫ್ಯಾನ್ ಕೂರಿಸಿ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಹುಟ್ಟಿಸಿ ಸೋರಿಕೆ ಅಳೆಯುತ್ತಾರೆ. ಗ್ಯಾಸ್ ವಾಟರ್ ಹೀಟರ್‌ನ ಹೊಗೆ ಸರಿಯಾಗಿ ಮೇಲೇರುತ್ತದೆಯೇ ಎಂದೂ ಆಗಲೇ ನೋಡಿಸಬೇಕು. ಬಿಗಿಯಾದ ಮನೆಯಲ್ಲಿ ಅದು ಹಿಂದಕ್ಕೆ ತಿರುಗುವ ಅಪಾಯವಿದೆ.

ಇನ್ಸುಲೇಷನ್ ಎಷ್ಟು ದಪ್ಪ ಬೇಕು?

ಹಿಮ ಬೀಳುವ ರಾಜ್ಯಗಳಲ್ಲಿ ಅಟ್ಟಕ್ಕೆ ಆರ್-49ರಿಂದ ಆರ್-60. ಊದಿ ತುಂಬುವ ಸೆಲ್ಯುಲೋಸ್ ಇಂಚಿಗೆ ಸುಮಾರು ಆರ್-3.5 ಕೊಡುತ್ತದೆ. ಹಾಗಾಗಿ ಆರ್-49ಕ್ಕೆ 14 ಇಂಚು, ಆರ್-60ಕ್ಕೆ 17 ಇಂಚು, ಅದೂ ಕುಳಿತು ಕುಗ್ಗಿದ ಮೇಲಿನ ದಪ್ಪ. ಹಳೆಯ ಮನೆಗಳಲ್ಲಿ ಜಾಯಿಸ್ಟ್‌ನ ಮಟ್ಟಕ್ಕೆ, ಅಂದರೆ ಐದೂವರೆ ಇಂಚು ಫೈಬರ್‌ಗ್ಲಾಸ್ ಇದ್ದು ಆರ್-19ರ ಆಸುಪಾಸು ಮಾತ್ರ ಸಿಗುತ್ತಿರುತ್ತದೆ. ಅದರ ಮೇಲೆಯೇ ಸೆಲ್ಯುಲೋಸ್ ಊದಿಸಬಹುದು.

ಎಡವಟ್ಟಾಗುವುದು ಸೂರಿನ ಬಳಿ. ಮಾಡು ಇಳಿದು ಗೋಡೆಯನ್ನು ಮುಟ್ಟುವ ಆ ಇಕ್ಕಟ್ಟಿನಲ್ಲಿ ನಾಲ್ಕೈದು ಇಂಚು ಮಾತ್ರ ಎತ್ತರವಿರುತ್ತದೆ. ಹಿಮ ಮೊದಲು ಕರಗುವುದು ಅಲ್ಲಿಯೇ. ಆ ಪಟ್ಟಿಗೆ ಇಂಚಿಗೆ ಹೆಚ್ಚು ಆರ್ ಕೊಡುವ ಗಟ್ಟಿ ಫೋಮ್ ಬಳಸಿ, ಮೇಲೆ ಗಾಳಿಗೆ ದಾರಿ ಬಿಡಿ. ಹೊಸ ಮನೆ ಕಟ್ಟಿಸುತ್ತಿದ್ದರೆ ಗೋಡೆಯ ಮೇಲೆ ಎತ್ತರಿಸಿದ ಹಿಮ್ಮಡಿಯ ಟ್ರಸ್ (ಮಾಡು ಹೊರುವ ಮರದ ಚೌಕಟ್ಟು) ಕೇಳಿ. ಇನ್ಸುಲೇಷನ್ ಪೂರ್ತಿ ದಪ್ಪದಲ್ಲೇ ಗೋಡೆಯ ಹೊರಗೆರೆಯವರೆಗೆ ಹೋಗುತ್ತದೆ.

ಗಾಳಿ ಕಿಂಡಿ ಎಷ್ಟು ಬೇಕು? ಲೆಕ್ಕ ಹೇಗೆ?

ಅಮೆರಿಕದ ಕಟ್ಟಡ ನಿಯಮದಲ್ಲಿ ಅಟ್ಟದ ನೆಲದ 150 ಚದರಡಿಗೆ 1 ಚದರಡಿ ಬರಿ ಕಿಂಡಿ. ಮೇಲೆ ಕೆಳಗೆ ಸಮವಾಗಿ ಹಂಚಿ, ಚಳಿಪ್ರದೇಶದಲ್ಲಿ ಸೀಲಿಂಗ್‌ಗೆ ಹಬೆ ತಡೆಯುವ ಪದರವನ್ನೂ ಹಾಕಿದ್ದರೆ 300ಕ್ಕೆ 1 ಸಾಕು. 1,500 ಚದರಡಿ ಅಟ್ಟಕ್ಕೆ 300ರ ಲೆಕ್ಕದಲ್ಲಿ 5 ಚದರಡಿ, ಅಂದರೆ 720 ಚದರ ಇಂಚು. ಅರ್ಧ ಸಾಫಿಟ್‌ನಲ್ಲಿ, ಅರ್ಧ ಮಾಡಿನ ನೆತ್ತಿಯಲ್ಲಿ. ನೆತ್ತಿಯ ರಿಡ್ಜ್ ವೆಂಟ್ ಅಡಿಗೆ 18 ಚದರ ಇಂಚು ಕೊಡುವಂಥದ್ದಾದರೆ 20 ಅಡಿ ಬೇಕು; ಸಾಫಿಟ್ ಪಟ್ಟಿ ಅಡಿಗೆ 9 ಕೊಡುವಂಥದ್ದಾದರೆ ಎರಡೂ ಕಡೆ ಸೇರಿ 40 ಅಡಿ. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಕಾಗದದ ಲೆಕ್ಕ ಸರಿಯಿದ್ದೂ ಗಾಳಿಯಾಡದ ಅಟ್ಟಗಳಿವೆ. ಸಾಫಿಟ್‌ನ ತೂತುಗಳಿಗೆ ಹತ್ತಾರು ಬಾರಿ ಬಣ್ಣ ಬಳಿದು ಮುಚ್ಚಿಹೋಗಿರುತ್ತವೆ, ಇಲ್ಲವೇ ಒಳಗಿನಿಂದ ಇನ್ಸುಲೇಷನ್ ತುರುಕಿರುತ್ತಾರೆ. ಮಾಡಿನ ಪ್ರತಿ ಎರಡು ರಾಫ್ಟರ್‌ಗಳ (ಓರೆ ತೊಲೆಗಳ) ನಡುವೆ, ಇನ್ಸುಲೇಷನ್ ದಾರಿಗೆ ಬೀಳದಂತೆ ತಡೆಯುವ ಬ್ಯಾಫಲ್ ಹಾಳೆ ಕೂರಿಸಿ ಕನಿಷ್ಠ 1 ಇಂಚು, ಸಾಧ್ಯವಾದರೆ 2 ಇಂಚು ದಾರಿ ಉಳಿಸಬೇಕು. ಹಗಲಲ್ಲಿ ಅಟ್ಟದ ದೀಪ ಆರಿಸಿ ಸೂರಿನ ಕಡೆ ನೋಡಿ. ಬೆಳಕಿನ ಗೆರೆ ಕಾಣಿಸಿದರೆ ದಾರಿ ತೆರೆದಿದೆ.

ಅಟ್ಟಕ್ಕೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದರೆ?

ಬೇಡ. ಸೀಲಿಂಗ್‌ನ ತೂತುಗಳಿಂದ ಮನೆಯ ಬಿಸಿಗಾಳಿಯನ್ನೇ ಎಳೆದುಕೊಂಡು ತೊಂದರೆ ಹೆಚ್ಚಿಸುತ್ತದೆ.

ನಮ್ಮದು ಇಳಿಜಾರು ಸೀಲಿಂಗ್, ಅಟ್ಟವೇ ಇಲ್ಲ. ಏನು ಮಾಡುವುದು?

ಕಷ್ಟದ ಪ್ರಕರಣ. ಕ್ಯಾಥೆಡ್ರಲ್ ಸೀಲಿಂಗ್ ಇರುವ ಮನೆ, ಮಾಡಿನೊಳಗೇ ಮೇಲಿನ ಕೋಣೆಗಳಿರುವ ಹಳೆಯ ಒಂದೂವರೆ ಅಂತಸ್ತಿನ ಮನೆ, ಎರಡಕ್ಕೂ ಅಗ್ಗದ ಪರಿಹಾರವಿಲ್ಲ. ಒಂದೂವರೆ ಅಂತಸ್ತಿನ ಮನೆಗಳಲ್ಲಿ ಬಿಸಿಗಾಳಿ ಹೆಚ್ಚಾಗಿ ನುಗ್ಗುವುದು ಮೇಲಿನ ಕೋಣೆಯಲ್ಲಿ ಮಾಡು ಇಳಿದುಬರುವಲ್ಲಿನ ಗಿಡ್ಡಗೋಡೆಯ ಬುಡದಲ್ಲಿ, ಕೆಳಗಿನ ಕೋಣೆಯ ಜಾಯಿಸ್ಟ್‌ಗಳು ಗೋಡೆಯ ಅಡಿಯಿಂದ ಆಚೆಗೆ ಹಾಯುವಲ್ಲಿ. ಪ್ರತಿ ಸಂದಿಗೂ ಫೋಮ್ ಹಲಗೆಯ ತುಂಡು ಕತ್ತರಿಸಿ ತಡೆ ಹಾಕುವುದೇ ಮೊದಲ ಕೆಲಸ.

ಸರಿಯಾದ ದುರಸ್ತಿಗೆ ಒಳ್ಳೆಯ ಕಾಲ ಮುಂದಿನ ಶಿಂಗಲ್ ಬದಲಾವಣೆ. ಆಗ ಮಾಡಿನ ಹಲಗೆಯ ಮೇಲೆ ಗಟ್ಟಿ ಫೋಮ್ ಹಾಸಿ, ಅದರ ಮೇಲೆ ಇನ್ನೊಂದು ಪದರ ಹಲಗೆ ಹೊಡೆದು ಶಿಂಗಲ್ ಹಾಕುತ್ತಾರೆ. ಗಾಳಿ ಕಿಂಡಿ ಇಲ್ಲದ ಇಂಥ ಮಾಡಿನೊಳಗೆ ಹಬೆ ನೀರಾಗದಿರಲು ಬೇಕಾದ ಫೋಮ್ ಭಾಗ ಶಿಕಾಗೊ, ಬಾಸ್ಟನ್ ಸೇರುವ 5ನೇ ಹವಾಮಾನ ವಲಯದಲ್ಲಿ ಕನಿಷ್ಠ ಆರ್-20, ಮಿನಿಯಾಪೊಲಿಸ್ ಸೇರುವ 6ರಲ್ಲಿ ಆರ್-25, ಡುಲೂತ್‌ನಂಥ 7ರಲ್ಲಿ ಆರ್-30. ಇದು ಹಬೆ ತಡೆಗೆ ಬೇಕಾದ ಭಾಗ ಮಾತ್ರ. ಒಟ್ಟು ಇನ್ಸುಲೇಷನ್ ಇದಕ್ಕಿಂತ ಹೆಚ್ಚಿರಬೇಕು.

ಹೊಸ ಶಿಂಗಲ್ ಹಾಕಿಸುವಾಗ ಏನು ಕೇಳಬೇಕು?

ಸೂರಿನಂಚಿಗೆ ಹಲಗೆಯ ಮೇಲೆ ಅಂಟುವ ಐಸ್ ಬ್ಯಾರಿಯರ್ ಪೊರೆಯನ್ನು. ಅದು ಒಡ್ಡನ್ನು ತಡೆಯುವುದಿಲ್ಲ, ಒಡ್ಡಿನ ಹಿಂದಿನ ನೀರು ಮನೆಯೊಳಗೆ ಇಳಿಯದಂತೆ ಹಿಡಿಯುತ್ತದೆ. ಮೊಳೆ ಹೊಡೆದರೂ ಸುತ್ತ ಅಂಟಿಕೊಂಡು ತೂತು ಮುಚ್ಚುತ್ತದೆ.

ನಿಯಮದ ಪ್ರಕಾರ ಅದು ಮಾಡಿನ ಕೆಳತುದಿಯಿಂದ ಶುರುವಾಗಿ, ಹೊರಗೋಡೆಯ ಗೆರೆಯಿಂದ ಒಳಕ್ಕೆ ಕನಿಷ್ಠ 24 ಇಂಚು ಹೋಗಬೇಕು. ಈ 24 ಇಂಚು ನೆಲಕ್ಕೆ ಸಮನಾಗಿ ಅಳೆದದ್ದು, ಇಳಿಜಾರಿನ ಮೇಲಲ್ಲ. ಸೂರು 16 ಇಂಚು, ಗೋಡೆ 6 ಇಂಚು ಇದ್ದು, ಗೋಡೆಯ ಒಳಮುಖದಿಂದ 24 ಇಂಚು ಹಿಡಿದರೆ ಒಟ್ಟು 46 ಇಂಚು. ಮಾಡು 12 ಇಂಚಿಗೆ 6 ಇಂಚು ಏರುವಂಥದ್ದಾದರೆ 1.12ರಿಂದ ಗುಣಿಸಿ, ಮಾಡಿನ ಮೇಲೆ ಸುಮಾರು 52 ಇಂಚು ಬೇಕು. ಒಂದು ಸುರುಳಿಯ ಅಗಲ 36 ಇಂಚು. ಒಂದೇ ಸಾಲು ಹಾಕಿ ಮುಗಿಸಿದರೆ ಗೋಡೆಯಿಂದ ಒಳಕ್ಕೆ 10 ಇಂಚಿಗೇ ನಿಂತುಹೋಗುತ್ತದೆ, ನೀರು ಅದರಾಚೆ ಇಳಿಯುತ್ತದೆ. ಎರಡು ಸಾಲು ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ಕಣಿವೆಗಳಿಗೆ, ಸ್ಕೈಲೈಟ್ ಸುತ್ತ, ಚಿಮಣಿಯ ಹಿಂದೆಯೂ ಇದೇ ಪೊರೆ ಬೇಕು. ಕೆನಡಾದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಅಳತೆ ಬೇರೆ: ಇಳಿಜಾರಿನಲ್ಲಿ ಕನಿಷ್ಠ 900 ಮಿಲಿಮೀಟರ್, ಗೋಡೆಯ ಒಳಮುಖದಿಂದ 300 ಮಿಲಿಮೀಟರ್ ಒಳಕ್ಕೆ. ಅದಕ್ಕಿಂತ ಹೆಚ್ಚು ಹಾಕಿಸಿದರೆ ನಷ್ಟವಿಲ್ಲ.

ಪೊರೆ ಸರಿಯಾಗಿ ಅಂಟಲು ಸುಮಾರು 40 ಡಿಗ್ರಿ ಫ್ಯಾರನ್‌ಹೀಟ್ ಬೇಕು. ಡಿಸೆಂಬರ್‌ನಲ್ಲಿ ಅಗ್ಗಕ್ಕೆ ಮಾಡಿಕೊಡುತ್ತೇವೆ ಎಂದವರಿಗೆ ಹೂಂ ಅನ್ನಬೇಡಿ.

ಹೀಟ್ ಕೇಬಲ್ ಹಾಕಿದರೆ ಸಾಕಾಗುವುದಿಲ್ಲವೇ?

ಅದು ನೋವಿಗೆ ಮಾತ್ರೆ ಇದ್ದಂತೆ. ಕಣಿವೆಯಲ್ಲೋ ಡಾರ್ಮರ್ (ಮಾಡಿನಿಂದ ಹೊರಚಾಚಿದ ಕಿಟಕಿಗೂಡು) ಪಕ್ಕದಲ್ಲೋ ಬೇರೆ ದಾರಿಯೇ ಇಲ್ಲದಿದ್ದರೆ ಹಾಕಿಸಿ. 100 ಅಡಿ ಕೇಬಲ್ ಅಡಿಗೆ 6 ವ್ಯಾಟ್‌ನಂತೆ 600 ವ್ಯಾಟ್ ಎಳೆಯುತ್ತದೆ. ದಿನವಿಡೀ ಓಡಿದರೆ 14.4 ಯೂನಿಟ್. ಹಿಮ ಬೀಳುವ ಮೊದಲೇ ಕೂರಿಸಬೇಕು, ಗಟರ್ ಮತ್ತು ಇಳಿಕೊಳವೆಯ ಒಳಗೂ ಎಳೆಯಬೇಕು. ಕರಗಿದ ನೀರಿಗೆ ನೆಲದವರೆಗೆ ದಾರಿ ಇಲ್ಲದಿದ್ದರೆ ಅದು ಕೊಳವೆಯೊಳಗೆ ಹೆಪ್ಪುಗಟ್ಟುತ್ತದೆ. ಜಿಎಫ್‌ಸಿಐ (ವಿದ್ಯುತ್ ಸೋರಿದರೆ ತಾನಾಗಿ ಕಡಿಯುವ) ಸುರಕ್ಷತೆ ಇಲ್ಲದ ಪ್ಲಗ್ಗಿಗೆ ಸಿಕ್ಕಿಸಬೇಡಿ.

ಟೌನ್‌ಹೌಸ್‌ನಲ್ಲಿದ್ದೇವೆ. ಜವಾಬ್ದಾರಿ ಯಾರದು? ವಿಮೆ ಕೊಡುತ್ತದೆಯೇ?

ಸಾಮಾನ್ಯವಾಗಿ ಮಾಡು ಎಚ್‌ಒಎಯದ್ದು (ಮನೆ ಮಾಲೀಕರ ಸಂಘದ್ದು), ಒಳಗಿನ ಡ್ರೈವಾಲ್ ನಿಮ್ಮದು. ಅಟ್ಟದ ಇನ್ಸುಲೇಷನ್ ಯಾರದ್ದು ಎಂಬುದು ಒಂದೊಂದು ಸಂಘದ ದಾಖಲೆಯಲ್ಲಿ ಒಂದೊಂದು ರೀತಿ. ಸೋರುವ ಮೊದಲೇ ಓದಿಡಿ. ದೂರನ್ನು ಬಾಯಿಮಾತಿನಲ್ಲಿ ಮುಗಿಸದೆ ಫೋಟೊ ಸಮೇತ ಇಮೇಲ್‌ನಲ್ಲಿ ಕೊಡಿ.

ಮನೆ ವಿಮೆಯಲ್ಲಿ ಒಳಗಿನ ನೀರಿನ ಹಾನಿಗೆ ಹೆಚ್ಚಾಗಿ ಪರಿಹಾರ ಸಿಗುತ್ತದೆ, ಡಿಡಕ್ಟಿಬಲ್ (ನೀವೇ ಭರಿಸಬೇಕಾದ ಮೊದಲ ಪಾಲು) ಕಳೆದು. ಐಸ್ ತೆಗೆಸಿದ ಖರ್ಚು, ಮುಂದೆ ಆಗದಂತೆ ಮಾಡಿಸುವ ಕೆಲಸ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಹಿಂದಿನ ವರ್ಷದ ಕಲೆಯನ್ನು ಹಾಗೇ ಬಿಟ್ಟಿದ್ದರೆ ಅದನ್ನೇ ತೋರಿಸಿ ತಕರಾರು ತೆಗೆಯುತ್ತಾರೆ.

ಮಾಡಿಸಿದ ಕೆಲಸ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ನಾಲ್ಕೈದು ಇಂಚು ಹಿಮ ಬಿದ್ದು ನಿಂತ ಎರಡನೆಯ ದಿನ, ಬಿಸಿಲೇರುವ ಮೊದಲು ಬೀದಿಯಲ್ಲಿ ನಿಂತು ಮಾಡನ್ನು ನೋಡಿ. ಹಿಮ ಎಲ್ಲೆಡೆ ಒಂದೇ ದಪ್ಪ ಇರಬೇಕು. ನೆತ್ತಿಯ ಹತ್ತಿರ, ಬಚ್ಚಲಿನ ಮೇಲೆ ಅಥವಾ ಚಿಮಣಿಯ ಸುತ್ತ ಶಿಂಗಲ್ ಬರಿದಾಗಿ ಕಂಡರೆ ಆ ಜಾಗದ ಕೆಳಗೆ ಇನ್ನೂ ಒಂದು ತೂತು ಉಳಿದಿದೆ. ಫೋಟೊ ತೆಗೆದು, ಅದನ್ನೇ ಹಿಡಿದುಕೊಂಡು ಅಟ್ಟಕ್ಕೆ ಹತ್ತಿ. ಬಿಸಿಲು ಬೀಳುವ ದಕ್ಷಿಣದ ಸೂರಿನಲ್ಲಿ ಬೆರಳುದ್ದದ ಐಸ್ ಕಡ್ಡಿಗಳು ನೇತಾಡಿದರೆ ಗಾಬರಿ ಬೇಡ. ಬಿಸಿಲೇ ಬೀಳದ ಉತ್ತರದ ಸೂರಿನಲ್ಲಿ ಮೊಳದುದ್ದ ಬೆಳೆದಿದ್ದರೆ ಕೆಲಸದವರನ್ನು ಮತ್ತೆ ಕರೆಸಿ.